ಬಂಗಾಳ ಕೊಲ್ಲಿಯ ಒಂದು ಸೋಮವಾರ

ವಿಶಾಖಪಟ್ಟಣಕ್ಕೆ ಹೋದವರೆಲ್ಲ ಬೀಚ್ ರೋಡಿನಲ್ಲಿ ಮೊದಲು ನೋಡುವುದು ಕುರ್ಸುರಾ ಸಬ್‌ಮರೀನನ್ನು. ನಾವೂ ನೋಡಿದೆವು. ಮಕ್ಕಳು ಒಳಗೆ ತಲೆ ತಗ್ಗಿಸಿಕೊಂಡು ನಡೆದರು, ಇಷ್ಟು ಸಣ್ಣ ಬಂಕಿನಲ್ಲಿ ಕಾಲು ಎಲ್ಲಿ ಇಟ್ಕೊಳ್ತಾರೆ ಅಂತ ಕೇಳಿದರು, ಹೊರಗೆ ಬಂದದ್ದೇ ಐಸ್‌ಕ್ರೀಮ್ ಅಂದರು. ಬಿಸಿಲು ವಿಪರೀತ. ನೆರಳು ಸಿಕ್ಕರೆ ಸಾಕು ಅಂತ ಅದೇ ರಸ್ತೆಯ ವಿಶಾಖ ಮ್ಯೂಸಿಯಮ್ಮಿಗೆ ನುಗ್ಗಿದೆವು. ಹಳೇ ಡಚ್ ಬಂಗಲೆ, ಒಳಗೆ ತಂಪು. ಕತ್ತಿ, ನಾಣ್ಯ, ರಾಜರ ಫೋಟೊ ಎಲ್ಲ ದಾಟಿ ಹೋಗುವಾಗ ಒಂದು ಬಾಂಬಿನ ಖಾಲಿ ಚಿಪ್ಪು ಕಂಡಿತು. 250 ಪೌಂಡಿನದು, ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ಈ ಊರಿನ ಮೇಲೆ ಹಾಕಿದ್ದು. ನನ್ನ ಮಗ ಅದರ ಮೇಲೆ ಕೈ ಇಡಲು ಹೋದ, ಅವನಪ್ಪ ಬೈದರು. ಅಷ್ಟೇ. ಎರಡು ನಿಮಿಷ ಕೂಡ ಅಲ್ಲಿ ನಿಲ್ಲಲಿಲ್ಲ.

ಆದರೆ ವಾಪಸ್ ಬರುವಾಗ ರೈಲಿನಲ್ಲಿ ಅದೇ ತಲೆಯಲ್ಲಿ ಕೂತಿತು. ಜಪಾನಿನವರು ಇಲ್ಲಿಯವರೆಗೆ ಬಂದರಾ? ಬಂದವರು ಎರಡು ಬಾಂಬು ಹಾಕಿ ಸುಮ್ನೆ ಹೋದರಾ? ಮನೆಗೆ ಬಂದು ಓದಲು ಶುರು ಮಾಡಿದೆ. ಆ ಬಾಂಬು ಬಿದ್ದದ್ದು 1942ರ ಏಪ್ರಿಲ್ 6, ಸೋಮವಾರ. ಅದೇ ದಿನ ಕಾಕಿನಾಡದ ಮೇಲೂ ಬಿತ್ತು. ಅದೇ ದಿನ, ಒಡಿಶಾ ಮತ್ತು ಆಂಧ್ರದ ಕರಾವಳಿಯಿಂದ ಆಚೆ, ಕಣ್ಣಳತೆ ದಾಟಿದ ನೀರಿನಲ್ಲಿ, ಬೆಳಗ್ಗೆಯಿಂದ ವ್ಯಾಪಾರಿ ಹಡಗುಗಳು ಒಂದರ ಹಿಂದೆ ಒಂದು ಮುಳುಗುತ್ತಿದ್ದವು. ವಿಶಾಖಪಟ್ಟಣಕ್ಕೆ ಬಿದ್ದದ್ದು ಆ ದಿನದ ಬಾಲ ಮಾತ್ರ. ತಲೆ, ಮೈ ಎಲ್ಲ ಸಮುದ್ರದಲ್ಲಿತ್ತು. ಬಾಲಕ್ಕೆ ಮ್ಯೂಸಿಯಂ ಇದೆ. ಉಳಿದದ್ದಕ್ಕೆ ಏನಿದೆ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ, ಆದ್ದರಿಂದ ಈ ಬರಹ.

ಕಲ್ಕತ್ತೆಯಿಂದ ಹೊರಟವು

ಆ ವರ್ಷದ ಮೊದಲ ಮೂರು ತಿಂಗಳು ನೆನಪು ಮಾಡಿಕೊಳ್ಳಿ. ಫೆಬ್ರವರಿ 15ಕ್ಕೆ ಸಿಂಗಾಪುರ ಹೋಯಿತು. ಮಾರ್ಚ್ 8ಕ್ಕೆ ರಂಗೂನ್. ಮಾರ್ಚ್ 23ಕ್ಕೆ ಅಂಡಮಾನ್. ಜಪಾನ್ ಒಂದೊಂದೇ ಮೆಟ್ಟಿಲು ಇಳಿದು ನಮ್ಮ ಅಂಗಳಕ್ಕೆ ಬಂದ ಹಾಗೆ. ಕಲ್ಕತ್ತೆ ಬಂದರಿನಲ್ಲಿ ಹಡಗುಗಳು ತುಂಬಿಕೊಂಡಿದ್ದವು. ವಿಮಾನ ಬಂದು ಬಾಂಬು ಹಾಕಿದರೆ ಎಲ್ಲವೂ ಒಟ್ಟಿಗೇ ಹೋಗ್ತವೆ ಅನ್ನುವ ಹೆದರಿಕೆ. ಹಾಗಾಗಿ ಹಡಗುಗಳನ್ನು ಅಲ್ಲಿಂದ ಚದುರಿಸಿ, ಕರಾವಳಿಯ ಬದಿಯಲ್ಲೇ ದಕ್ಷಿಣಕ್ಕೆ ಹೋಗಿ ಅಂತ ಕಳಿಸಿದರು. ಒಂಟಿಯಾಗಿ ಕೆಲವು, ನಾಲ್ಕೈದು ಸೇರಿ ಕೆಲವು. ಜೊತೆಗೆ ಕಾವಲಿಗೆ ಯುದ್ಧನೌಕೆ ಇಲ್ಲ. ಕೊಡಲು ಇರಲೂ ಇಲ್ಲ. ಬ್ರಿಟಿಷರ ಪೂರ್ವದ ನೌಕಾಪಡೆಯನ್ನು ಅಡ್ಮಿರಲ್ ಸಾಮರ್ವಿಲ್ ಮಾಲ್ಡೀವ್ಸಿನ ಅಡ್ಡು ಹವಳದ್ವೀಪದ ಗುಟ್ಟಿನ ನೆಲೆಯಲ್ಲಿ ಇಟ್ಟುಕೊಂಡಿದ್ದ. ಅವನ ಕಣ್ಣೆಲ್ಲ ಸಿಲೋನ್ ಕಡೆ.

ಅದೂ ಸರಿಯೇ. ಏಪ್ರಿಲ್ 5, ಈಸ್ಟರ್ ಭಾನುವಾರ, ಜಪಾನಿನ ಅಡ್ಮಿರಲ್ ನಗುಮೋನ ಐದು ವಿಮಾನವಾಹಕ ನೌಕೆಗಳಿಂದ ಎದ್ದ ವಿಮಾನಗಳು ಕೊಲಂಬೊ ಮೇಲೆ ಬಿದ್ದವು. ಹಿಂದಿನ ದಿನ ಕ್ಯಾಟಲೀನಾ ವಿಮಾನದಲ್ಲಿ ಗಸ್ತು ತಿರುಗುತ್ತಿದ್ದ ಕೆನಡಾದ ಬರ್ಚಾಲ್ ಎಂಬಾತ ಆ ನೌಕಾಪಡೆಯನ್ನು ಕಂಡು ಸುದ್ದಿ ಕಳಿಸಿದ್ದ, ಕಳಿಸುತ್ತಿರುವಾಗಲೇ ಅವನ ವಿಮಾನವನ್ನು ಹೊಡೆದು ಬೀಳಿಸಿದರು. ಡಾರ್ಸೆಟ್‌ಶೈರ್, ಕಾರ್ನ್‌ವಾಲ್ ಎಂಬ ಬ್ರಿಟಿಷರ ಎರಡು ದೊಡ್ಡ ಕ್ರೂಸರ್‌ಗಳು (ವೇಗದ ಯುದ್ಧನೌಕೆಗಳು) ಅದೇ ಮಧ್ಯಾಹ್ನ ಮುಳುಗಿ 424 ಜನ ಸತ್ತರು. ಈ ಕತೆ ಎಲ್ಲ ಪುಸ್ತಕಗಳಲ್ಲೂ ಇದೆ. ನಕಾಶೆ ಸಮೇತ ಇದೆ. ಎಲ್ಲರೂ ಕೊಲಂಬೊ ಕಡೆ ನೋಡುತ್ತಿದ್ದ ಹೊತ್ತಿಗೆ ಇನ್ನೊಬ್ಬ ಅಡ್ಮಿರಲ್, ಒಝಾವಾ, ಬರ್ಮಾದ ಮೆರ್ಗುಯಿಯಿಂದ ಹೊರಟು ಬಂಗಾಳ ಕೊಲ್ಲಿಗೆ ಹೊಕ್ಕಿದ್ದ. ಐದು ಭಾರಿ ಕ್ರೂಸರ್, ಒಂದು ಸಣ್ಣ ಕ್ರೂಸರ್, ರ್ಯುಜೊ ಎಂಬ ಪುಟ್ಟ ವಿಮಾನವಾಹಕ ನೌಕೆ, ನಾಲ್ಕಾರು ಡೆಸ್ಟ್ರಾಯರ್. ಅವನು ಬಂದದ್ದು ಯುದ್ಧನೌಕೆ ಹುಡುಕಿಕೊಂಡಲ್ಲ. ಸರಕಿನ ಹಡಗು ಹುಡುಕಿಕೊಂಡು.

ಸೋಮವಾರ ಬೆಳಗಾಗುವಾಗ ಅವನು ತನ್ನ ಪಡೆಯನ್ನು ಮೂರು ಪಾಲು ಮಾಡಿದ. ನಮ್ಮ ಕಡೆ ಮೀನಿಗೆ ಎರಡು ಬೋಟು ಸೇರಿ ಬಲೆ ಎಳೆಯುತ್ತಾರಲ್ಲ, ಅದೇ ಲೆಕ್ಕ. ಉತ್ತರಕ್ಕೆ ಕುಮಾನೊ, ಸುಜುಯಾ. ದಕ್ಷಿಣಕ್ಕೆ ಮಿಕುಮಾ, ಮೊಗಾಮಿ. ನಡುವೆ ಚೋಕಾಯ್, ರ್ಯುಜೊ, ಯುರಾ. ಉತ್ತರದವರಿಗೆ ಒಡಿಶಾ ಕರಾವಳಿಯಾಚೆ ಒಂದು ಗುಂಪೇ ಸಿಕ್ಕಿತು. ಸಿಲ್ಕ್ಸ್‌ವರ್ತ್, ಆಟೋಲೈಕಸ್, ಮಾಲ್ಡಾ, ಶಿಂಕುವಾಂಗ್, ಅಮೆರಿಕದ ಎಕ್ಸ್‌ಮೋರ್. ನಡುವಿನವರಿಗೆ ಡಚ್ಚರ, ನಾರ್ವೆಯವರ, ಅಮೆರಿಕದವರ ಹಡಗು. ಭಾರಿ ಕ್ರೂಸರ್ ಒಂದರಲ್ಲಿ ಎಂಟಿಂಚಿನ ಹತ್ತು ತೋಪು, ಓಟ ಮೂವತ್ತು ನಾಟ್ (ನಾಟ್ ಅಂದರೆ ಗಂಟೆಗೆ ಒಂದು ಕಡಲ ಮೈಲಿ) ದಾಟುತ್ತದೆ. ಸರಕಿನ ಹಡಗಿನ ಹಿಂಬದಿಗೆ ಕಟ್ಟಿದ್ದು ಹೆಚ್ಚೆಂದರೆ ಒಂದು ಹಳೇ ತೋಪು, ಓಟ ಹತ್ತು ನಾಟ್. ಇದನ್ನು ಕಾಳಗ ಅನ್ನಲು ನನಗೆ ಬಾಯಿ ಬರುವುದಿಲ್ಲ.

ನನ್ನನ್ನು ಜಾಸ್ತಿ ಹಿಡಿದದ್ದು ಡಾರ್ಡನಸ್ ಕತೆ. ಅದು ಹಿಂದಿನ ದಿನವೇ ವಿಮಾನದ ಬಾಂಬು ತಿಂದು ಇಂಜಿನ್ ಕೆಟ್ಟು ನಿಂತಿತ್ತು. ಗಂಡಾರಾ ಎಂಬ ಇನ್ನೊಂದು ಹಡಗು ಬಂದು ಹಗ್ಗ ಕಟ್ಟಿ ಎಳೆದುಕೊಂಡು ಹೊರಟಿತು. ಗಂಡಾರಾಕ್ಕೆ ತನ್ನ ದಾರಿ ಹಿಡಿದು ಹೋಗಬಹುದಿತ್ತು. ಹೋಗಲಿಲ್ಲ. ಒಂದು ಇನ್ನೊಂದನ್ನು ಎಳೆಯುವಾಗ ಓಟ ಎಷ್ಟಿರುತ್ತದೆ ಅಂತ ನೀವೇ ಊಹಿಸಿ. ಬೆಳಗ್ಗೆ ಮಿಕುಮಾ, ಮೊಗಾಮಿ ಬಂದಾಗ ಎರಡೂ ಅಲ್ಲೇ ಇದ್ದವು, ಎರಡೂ ಮುಳುಗಿದವು.

ಒಝಾವಾ ಆ ಸುತ್ತಿನಲ್ಲಿ ಮುಳುಗಿಸಿದ್ದು ಒಟ್ಟು 23 ಹಡಗು, 1,12,312 ಟನ್. ಹೆಚ್ಚಿನವು ಆ ಒಂದೇ ದಿನ. (ಈ ಟನ್ ಎಂದರೆ ತೂಕ ಅಂತ ನಾನು ತುಂಬ ದಿನ ತಿಳಿದಿದ್ದೆ. ಹಡಗಿನ ಗ್ರಾಸ್ ಟನ್ ಎಂದರೆ ಒಳಗಿನ ಜಾಗದ ಅಳತೆ, ನೂರು ಘನ ಅಡಿಗೆ ಒಂದು ಟನ್. ಅಂದರೆ ಎಷ್ಟು ಜಾಗ ಮುಳುಗಿತು ಅಂತ ಲೆಕ್ಕ ಇಟ್ಟಿದ್ದಾರೆ. ಒಂದು ಅಂಕಿಯೂ ಬಿಡದೆ ಇಟ್ಟಿದ್ದಾರೆ.) ಇದೇ ಹೊತ್ತಿಗೆ ನಮ್ಮ ಪಶ್ಚಿಮದ ಕಡಲಿನ ಕಡೆ ಜಪಾನಿನ ಸಬ್‌ಮರೀನುಗಳು ಇನ್ನೂ ಐದು ಹಡಗು ಮುಳುಗಿಸಿದವು. ಬದುಕಿದವರು ಲೈಫ್‌ಬೋಟಿನಲ್ಲಿ ಒಡಿಶಾದ ದಡ ಹತ್ತಿದರು. ಒಝಾವಾನನ್ನು ಯಾರೂ ಅಟ್ಟಿಸಿಕೊಂಡು ಹೋಗಲಿಲ್ಲ. ಏಪ್ರಿಲ್ 11ಕ್ಕೆ ಅವನು ಸಿಂಗಾಪುರ ಮುಟ್ಟಿದ.

ಚಿಕ್ಕಪ್ಪನ ಚಾವಡಿ

ಇಷ್ಟೆಲ್ಲ ಓದಿ ಆದ ಮೇಲೂ ನನಗೆ ಆ ದಿನ ಕಣ್ಣಿಗೆ ಕಟ್ಟಲಿಲ್ಲ. ಪುಸ್ತಕದಲ್ಲಿ ಎಲ್ಲ ಮೇಲಿನಿಂದ ಕಾಣುತ್ತದೆ. ಬಾಣದ ಗುರುತು, ಹಡಗಿನ ಗುರುತು, ಗಂಟೆ. ಆ ಸಲ ಊರಿಗೆ ಹೋದಾಗ ಸುರತ್ಕಲ್ಲಿಗೆ ಚಿಕ್ಕಪ್ಪನ ಮನೆಗೆ ಹೋದೆ. ಚಿಕ್ಕಪ್ಪ ಮೂವತ್ತು ವರ್ಷ ಶಿಪ್ಪಿನಲ್ಲಿದ್ದವರು, ಇಂಜಿನ್ ರೂಮಿನಲ್ಲಿ. ನಮ್ಮ ಬಾಲ್ಯದಲ್ಲಿ ಅವರು ವರ್ಷಕ್ಕೊಮ್ಮೆ ಸಾಬೂನು, ಚಾಕಲೇಟು, ಎರಡು ಕ್ಯಾಸೆಟ್ಟಿನ ಟೇಪ್‌ರೆಕಾರ್ಡರ್ ತರುವ ದೇವರು. ಅವರು ಅಲ್ಲಿ ಏನು ಮಾಡುತ್ತಾರೆ ಅಂತ ನಾವು ಯಾರೂ ಕೇಳಿದವರಲ್ಲ.

ಚಾವಡಿಯಲ್ಲಿ ಕೂತು ಅಡಿಕೆ ಹೆರೆಯುತ್ತಿದ್ದರು. ನಾನು ಲ್ಯಾಪ್‌ಟಾಪ್ ತೆಗೆದು ಹಡಗುಗಳ ಪಟ್ಟಿ ತೋರಿಸಿದೆ. ಕನ್ನಡಕ ಹಾಕಿ ನೋಡಿದರು. "ಮಾಲ್ಡಾ, ಇಂಡೋರಾ, ಗಂಡಾರಾ. ಇದೆಲ್ಲ ಬಿಐ ಕಂಪೆನಿದು" ಅಂದರು. ನನಗೆ ಆಶ್ಚರ್ಯ. "ಹೇಗೆ ಗೊತ್ತಾಯ್ತು ಚಿಕ್ಕಪ್ಪ?" "ಬ್ರಿಟಿಷ್ ಇಂಡಿಯಾ ಕಂಪೆನಿಯ ಶಿಪ್ಪಿನ ಹೆಸರೆಲ್ಲ ಕೊನೆಗೆ 'ಆ' ಅಂತ ಬರ್ತದೆ ಮಾರಾಯ್ತಿ. ನಮಗೆ ಹಳಬರು ಹೇಳ್ತಿದ್ರು." ಬಿಐ ಶಿಪ್ಪು ಅಂದರೆ ಕೆಳಗೆ ಕೆಲಸಕ್ಕೆ ನಮ್ಮವರೇ ಅಂತಲೂ ಹೇಳಿದರು. ಡೆಕ್ಕಿಗೆ ರತ್ನಾಗಿರಿ ಕಡೆಯವರು, ಇಂಜಿನ್ನಿಗೆ ಸಿಲ್ಹೆಟ್ಟಿನವರು, ಊಟ ಬಡಿಸಲು ಗೋವಾದವರು. ಲಸ್ಕರ್‌ಗಳು ಅಂತ ಬ್ರಿಟಿಷರು ಕರೆಯುತ್ತಿದ್ದದ್ದು ಇವರನ್ನೇ. ಆ ಯುದ್ಧದ ಕಾಲದಲ್ಲಿ ಬ್ರಿಟನ್ನಿನ ವ್ಯಾಪಾರಿ ಹಡಗುಗಳ ನಾವಿಕರಲ್ಲಿ ಸುಮಾರು ಕಾಲು ಭಾಗ ಇಂಡಿಯಾದವರು.

ಅವರ ಕೆಲಸದ ಹೆಸರುಗಳನ್ನು ಚಿಕ್ಕಪ್ಪ ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಸಾರಂಗ್ ಅಂದರೆ ಮೇಸ್ತ್ರಿ. ಅವನ ಕೈಕೆಳಗೆ ಟಿಂಡಾಲ್. ಚುಕ್ಕಾಣಿ ಹಿಡಿಯುವವ ಸುಕಾನಿ. ಸಾಮಾನಿನ ಕೋಣೆಯವ ಕಸಾಬ್. ಅಡಿಗೆಯವ ಭಂಡಾರಿ. ಬಾಯ್ಲರಿಗೆ ಬೆಂಕಿ ಹಾಕುವವ ಆಗ್‌ವಾಲಾ, ಕಲ್ಲಿದ್ದಲು ಹೊತ್ತು ತರುವವ ಕೋಯ್ಲಾವಾಲಾ, ಎಣ್ಣೆ ಹಾಕುವವ ತೇಲ್‌ವಾಲಾ. ಟಿಂಡಾಲ್ ಅಂದಾಗ ನಾನು ತಡೆದೆ. "ನಮ್ಮ ಮಲ್ಪೆಯ ತಾಂಡೇಲ?" "ಅದೇ. ಬೋಟಿನವರಿಗೆ ತಾಂಡೇಲ, ಶಿಪ್ಪಿನವರಿಗೆ ಟಿಂಡಾಲ್. ಸಂಬಳ ಬೇರೆ, ಅಷ್ಟೇ" ಅಂತ ನಕ್ಕರು.

ಸಂಬಳದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಂದೇ ಹಡಗು, ಒಂದೇ ಟಾರ್ಪಿಡೊ. ಆದರೆ ಲಸ್ಕರ್‌ಗೆ ಸಿಗುತ್ತಿದ್ದದ್ದು ಬಿಳಿ ನಾವಿಕನ ಸಂಬಳದ ಒಂದು ಸಣ್ಣ ಪಾಲು. 1939ರಲ್ಲಿ ಯುದ್ಧ ಶುರುವಾದದ್ದೇ ಲಂಡನ್ನಿನಲ್ಲಿ, ಬೇರೆ ಬಂದರುಗಳಲ್ಲಿ ಇಂಡಿಯಾದ ನಾವಿಕರು ಯುದ್ಧದ ಸಂಬಳ ಕೊಡದೆ ಹಡಗು ಹತ್ತುವುದಿಲ್ಲ ಅಂತ ಮುಷ್ಕರ ಹೂಡಿದರು. ಹಲವರನ್ನು ಜೈಲಿಗೆ ಹಾಕಿದರು. ಇನ್ನೊಂದು ಸಂಗತಿ ಓದಿ ನಾನು ಎರಡೆರಡು ಸಲ ನೋಡಿದೆ, ನಿಜವೇ ಅಂತ. 1941ರ ತನಕ ಬ್ರಿಟಿಷ್ ವ್ಯಾಪಾರಿ ಹಡಗು ಮುಳುಗಿದರೆ, ನಾವಿಕನ ಸಂಬಳ ಆ ದಿನಕ್ಕೇ ನಿಲ್ಲುತ್ತಿತ್ತು. ಹಡಗಿಲ್ಲ, ಆದ್ದರಿಂದ ಕೆಲಸವಿಲ್ಲ. ಲೈಫ್‌ಬೋಟಿನಲ್ಲಿ ತೇಲುತ್ತಿರುವುದು ಕಂಪೆನಿಯ ಲೆಕ್ಕದಲ್ಲಿ ಕೆಲಸವಲ್ಲ.

ಚಿಕ್ಕಪ್ಪನಿಗೂ ಯುದ್ಧದ ನೀರು ಗೊತ್ತು. ಇರಾನ್, ಇರಾಕ್ ಒಂದರ ತೈಲದ ಹಡಗಿಗೆ ಇನ್ನೊಂದು ಹೊಡೆಯುತ್ತಿದ್ದ ಎಂಬತ್ತರ ದಶಕದಲ್ಲಿ ಅವರು ಟ್ಯಾಂಕರಿನಲ್ಲಿದ್ದರು. ಈ ಮಾತು ನಮಗೆ ಯಾರಿಗೂ ಗೊತ್ತೇ ಇರಲಿಲ್ಲ, ಚಿಕ್ಕಮ್ಮನಿಗೂ. ರಾತ್ರಿ ದೀಪ ಆರಿಸಿಕೊಂಡು ಹೋರ್ಮುಜ್ ದಾಟುತ್ತಿದ್ದರಂತೆ. ನಾನು ಕೇಳಿದೆ, ಹೊಡೆತ ಬಿದ್ದರೆ ಕೆಳಗಿದ್ದವರಿಗೆ ಮೊದಲು ಏನು ಗೊತ್ತಾಗುತ್ತದೆ ಅಂತ. ಅವರು ಅಡಿಕೆ ಕತ್ತಿ ಕೆಳಗಿಟ್ಟರು.

"ಎಂತ ಗೊತ್ತಾಗುದು? ಇಂಜಿನ್ ರೂಮಿಗೆ ಕಿಟಕಿ ಉಂಟಾ? ನಾವು ನಿಂತದ್ದೇ ನೀರಿನಿಂದ ಕೆಳಗೆ. ಶಬ್ದದಲ್ಲಿ ಶಬ್ದ ಕೇಳುದಿಲ್ಲ. ಮೇಲಿನವರು ಟೆಲಿಗ್ರಾಫ್ ತಿರುಗಿಸಿದ್ರೆ ಬೆಲ್ ಬರ್ತದೆ, ಫುಲ್ ಅಹೆಡ್, ಸ್ಟಾಪ್, ಇಷ್ಟೇ. ಯಾಕೆ ಅಂತ ಬೆಲ್ ಹೇಳುದಿಲ್ಲ. ಒಂದು ಸಲ ಬೆಳಗಿನ ಜಾವ ಫುಲ್ ಅಹೆಡ್ ಬಂತು, ಅರ್ಧ ಗಂಟೆ ಹಾಗೇ ಓಡಿಸಿದೆವು. ಯಾಕೆ ಅಂತ ವಾಚ್, ಅಂದ್ರೆ ನಮ್ಮ ಪಾಳಿ, ಮುಗಿದು ಮೇಲೆ ಹೋದ ಮೇಲೆ ಗೊತ್ತಾದ್ದು."

ಯಾಕೆ ಅಂತ ನನಗೆ ಹೇಳಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಮತ್ತೆ ಕತ್ತಿ ತೆಗೆದುಕೊಂಡರು.

ಆದರೆ ಏಪ್ರಿಲ್ 6 ನನಗೆ ಕಂಡದ್ದು ಅಲ್ಲಿಂದ. ಕಲ್ಲಿದ್ದಲಿನ ಹಡಗು. ಕೆಳಗೆ ಸೆಕೆ, ಕಪ್ಪು ಧೂಳು, ಬೆಂಕಿ ಬಾಗಿಲು ತೆಗೆದು ಹಾಕುವ ಸದ್ದು. ಇದ್ದಕ್ಕಿದ್ದಂತೆ ಬೆಲ್. ಫುಲ್ ಅಹೆಡ್. ಆಗ್‌ವಾಲಾ ಯಾಕೆ ಅಂತ ಕೇಳುವುದಿಲ್ಲ, ಇನ್ನೂ ನಾಲ್ಕು ಸಲಿಕೆ ಹಾಕುತ್ತಾನೆ. ಹತ್ತು ನಾಟ್ ಓಡುವ ಹಡಗು ಹನ್ನೊಂದು ಓಡಬೇಕು. ಮೇಲೆ ಬ್ರಿಜ್ಜಿನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ನಿಂತವನಿಗೆ ಮೂವತ್ತು ನಾಟಿನಲ್ಲಿ ಬರುವ ಕ್ರೂಸರ್ ಕಾಣುತ್ತಿದೆ. ಕೆಳಗಿನವನಿಗೆ ಕಾಣುವುದು ಬೆಂಕಿ ಮಾತ್ರ.

ಹೊನ್ನೆಣ್ಣೆ

ದಡದ ಮೇಲೆ ಏನಾಯಿತು ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಿದೆ, ಯಾಕೆಂದರೆ ಅಲ್ಲಿ ಬರೆದಿಡುವವರು ಇದ್ದರು. ಮದ್ರಾಸು ಅರ್ಧಕ್ಕರ್ಧ ಖಾಲಿಯಾಯಿತು. ಸರ್ಕಾರಿ ಕಚೇರಿಗಳು ಒಳನಾಡಿಗೆ ಹೊರಟವು. ಬಾಂಬು ಬಿದ್ದು ಬೋನು ಒಡೆದರೆ ಅಂತ ಹೆದರಿ ಮದ್ರಾಸಿನ ಮೃಗಾಲಯದ ಹುಲಿ, ಸಿಂಹಗಳನ್ನು ಪೊಲೀಸರಿಂದ ಗುಂಡು ಹೊಡೆಸಿ ಕೊಂದರು. ಜಪಾನಿನವರು ಬರಲೇ ಇಲ್ಲ. ಬಂಗಾಳದಲ್ಲಿ ಇನ್ನೂ ಕೆಟ್ಟದ್ದಾಯಿತು. ಶತ್ರು ಬಂದರೆ ಅವನ ಕೈಗೆ ಸಿಗಬಾರದು ಅಂತ ಕರಾವಳಿಯ ಸಾವಿರಾರು ದೋಣಿಗಳನ್ನು ಸರ್ಕಾರವೇ ಕಿತ್ತುಕೊಂಡಿತು, ಒಡೆದೂ ಹಾಕಿತು. ದೋಣಿ ಹೋದ ಮೇಲೆ ಮೀನುಗಾರನಿಗೂ ಭತ್ತ ಸಾಗಿಸುವವನಿಗೂ ಉಳಿದದ್ದೇನು? ಮರುವರ್ಷದ ಬರಗಾಲಕ್ಕೆ ಕಾರಣ ಹಲವು, ಅದರಲ್ಲಿ ಇದೂ ಒಂದು.

ಬೆಂಗಳೂರಿಗೂ ಒಂದು ಎಳೆ ಇದೆ. ವಿಶಾಖಪಟ್ಟಣದಲ್ಲಿ ಹಡಗು ಕಟ್ಟೆ ಶುರು ಮಾಡಿದ ವಾಲ್‌ಚಂದ್ ಹೀರಾಚಂದರೇ 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಎಚ್‌ಎಎಲ್ ಶುರು ಮಾಡಿದವರು. 1942ರ ಅದೇ ಏಪ್ರಿಲಿನಲ್ಲಿ ಅವರ ಪಾಲನ್ನು ಇಂಡಿಯಾ ಸರ್ಕಾರ ಕೊಂಡುಕೊಂಡಿತು. ಮುಂದಿನ ವರ್ಷ ಅಮೆರಿಕದವರು ಬಂದು ಕೂತರು. ಬರ್ಚಾಲ್ ಓಡಿಸುತ್ತಿದ್ದಂಥ ಕ್ಯಾಟಲೀನಾ ವಿಮಾನಗಳು ರಿಪೇರಿಗೆ ಎಚ್‌ಎಎಲ್ಲಿಗೆ ಬರುತ್ತಿದ್ದವು. ನೀರಿನ ಮೇಲೆ ಇಳಿಯುವ ವಿಮಾನ ಬೆಂಗಳೂರಿನಲ್ಲಿ ಎಲ್ಲಿ ಇಳಿಯಬೇಕು? ಬೆಳ್ಳಂದೂರು ಕೆರೆಯಲ್ಲಿ. ಈಗ ನೊರೆ ಉಕ್ಕಿ ಸುದ್ದಿಯಾಗುವ ಅದೇ ಕೆರೆ. ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ನಿಂತಾಗ ಒಮ್ಮೆ ನೆನಪು ಮಾಡಿಕೊಳ್ಳಿ, ಹೊತ್ತು ಹೋಗುತ್ತದೆ.

ನಮ್ಮ ಅಜ್ಜಿಗೆ, ಅಂದರೆ ಚಿಕ್ಕಪ್ಪನ ಅಮ್ಮನಿಗೆ, ಆ ವರ್ಷ ಹತ್ತು ವರ್ಷ. ಅವರ ಯುದ್ಧ ಅಂದರೆ ಸೀಮೆಎಣ್ಣೆ ಸಿಗದ ಕಾಲ. ಚಿಮಣಿ ದೀಪ ಮೂಲೆ ಸೇರಿತು, ಅಟ್ಟದಿಂದ ಹಳೇ ಹಣತೆ ಇಳಿಯಿತು, ಹೊನ್ನೆಕಾಯಿ ಹೆಕ್ಕುವುದು ಮಕ್ಕಳ ಕೆಲಸವಾಯಿತು. ಹೊನ್ನೆಣ್ಣೆ ದೀಪದ ಹೊಗೆಗೆ ಬೆಳಗ್ಗೆ ಮೂಗಿನೊಳಗೆಲ್ಲ ಕಪ್ಪು ಅನ್ನುತ್ತಿದ್ದರು. ಸೀಮೆಎಣ್ಣೆ ಹೋದದ್ದು ಬರ್ಮಾ ಹೋದ್ದರಿಂದ. ರಂಗೂನ್ ಬಿಡುವ ಮೊದಲು ಬ್ರಿಟಿಷರು ಸಿರಿಯಾಮಿನ ಎಣ್ಣೆ ಕಾರ್ಖಾನೆಯನ್ನು ತಾವೇ ಸುಟ್ಟರು. ಏಪ್ರಿಲ್ 6ರ ಹಡಗುಗಳಲ್ಲಿ ನಮ್ಮ ಅಜ್ಜಿಯ ಸೀಮೆಎಣ್ಣೆ ಇತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಆ ದಿನದ ನಂತರ ಕೆಲವು ವಾರ ಬಂಗಾಳ ಕೊಲ್ಲಿಯಲ್ಲಿ ವ್ಯಾಪಾರಿ ಹಡಗು ಓಡಾಟವೇ ನಿಂತಂತಾಯಿತು. ಕಲ್ಕತ್ತೆಯಿಂದ ಕಡಲಿನಲ್ಲಿ ಬರುತ್ತಿದ್ದ ಕಲ್ಲಿದ್ದಲಿನ ಹೊರೆ ರೈಲಿನ ಬೆನ್ನಿಗೆ ಬಿತ್ತು. ರೈಲಿನಲ್ಲಿ ಬೇರೆ ಸಾಮಾನಿಗೆ ಜಾಗ ಕಮ್ಮಿಯಾಯಿತು. ದೂರದ ಕಡಲಿನಲ್ಲಿ ಆದದ್ದು ಹೀಗೆ ಸುತ್ತಿ ಬಳಸಿ ಒಬ್ಬೊಬ್ಬರ ಮನೆಯ ಡಬ್ಬಿಗೆ ಬಂದು ಮುಟ್ಟುತ್ತದೆ, ಮುಟ್ಟಿದಾಗ ಅದಕ್ಕೆ ಹೆಸರೂ ಇರುವುದಿಲ್ಲ, ತಾರೀಕೂ ಇರುವುದಿಲ್ಲ.

ಎಲ್ಲಿ ಅಂತ ಕೇಳುವುದು

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಜನರ ಸಮೇತ ಕಾಣೆಯಾಗಿತ್ತಲ್ಲ. ಆಗ ಯುದ್ಧ ಇರಲಿಲ್ಲ, ಏನೂ ಇರಲಿಲ್ಲ. ಆದರೂ ನಾಲ್ಕೂವರೆ ತಿಂಗಳು ಇಡೀ ಕರಾವಳಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಎಲ್ಲಿ? ಮೇ ತಿಂಗಳಲ್ಲಿ ನೌಕಾಪಡೆಯ ಹಡಗು ಮಾಲ್ವಣದಾಚೆ ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷ ಕಂಡುಹಿಡಿಯಿತು. ಏಳು ಜನ ಸಿಗಲಿಲ್ಲ. ಆದರೆ ಒಂದು ಜಾಗ ಸಿಕ್ಕಿತು. ಅಲ್ಲಿಗೆ ಮುಖ ಮಾಡಿ ಹೂ ಬಿಡಬಹುದು. ಭೂಮಿಯ ಮೇಲೆ ಸತ್ತವರ ಮನೆಯವರಿಗೆ ಈ ಕಷ್ಟ ಅರ್ಥವಾಗುವುದು ಕಷ್ಟ.

ಜಪಾನಿನ ಹಡಗುಗಳಿಗೆ ಏನಾಯಿತು ಅಂತ ಬೇಕಿದ್ದರೆ ಗಂಟೆ ನಿಮಿಷ ಸಮೇತ ಸಿಗುತ್ತದೆ. ಡಾರ್ಡನಸ್, ಗಂಡಾರಾ ಎರಡನ್ನೂ ಮುಳುಗಿಸಿದ ಮಿಕುಮಾ ಸರಿಯಾಗಿ ಎರಡು ತಿಂಗಳಿಗೆ, ಜೂನ್ 6ರಂದು, ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಹತ್ತಿರ ಮುಳುಗಿತು. ವಿಶಾಖಪಟ್ಟಣಕ್ಕೆ ವಿಮಾನ ಕಳಿಸಿದ ರ್ಯುಜೊ ಆಗಸ್ಟಿನಲ್ಲಿ. ಉಳಿದ ಕ್ರೂಸರ್‌ಗಳೂ 1944 ಮುಗಿಯುವುದರೊಳಗೆ ಹೋದವು. ಅದರಲ್ಲೂ ಕೆಳಗೆ ಬೆಲ್ ಕೇಳಿಸಿಕೊಂಡವರು ಇದ್ದರು.

ನಮ್ಮವರ ಹೆಸರು ಎಲ್ಲಿದೆ ಅಂತ ಹುಡುಕಿದೆ. ಲಂಡನ್ನಿನ ಟವರ್ ಹಿಲ್ಲಿನಲ್ಲಿ ವ್ಯಾಪಾರಿ ನಾವಿಕರ ದೊಡ್ಡ ಸ್ಮಾರಕ ಇದೆ, ಹಡಗಿನ ಹೆಸರಿನ ಕೆಳಗೆ ಸತ್ತವರ ಹೆಸರು ಕೆತ್ತಿದ್ದಾರೆ. ಇಂಡಿಯಾದ ನಾವಿಕರದು ಬೇರೆ ಕಡೆ. ಗೋರಿ ಇಲ್ಲದ ಸುಮಾರು 6,000 ವ್ಯಾಪಾರಿ ನಾವಿಕರ ಹೆಸರು ಒಂದು ನೆನಪಿನ ಪುಸ್ತಕದಲ್ಲಿದೆ. ಒಂದು ಪ್ರತಿ ಚಿತ್ತಗಾಂಗಿನಲ್ಲಿ, ಇನ್ನೊಂದು ಮುಂಬೈಯಲ್ಲಿ. ಮುಂಬೈಯಲ್ಲಿ ಎಲ್ಲಿ ಅಂತ ನೋಡಿದರೆ ಮಸ್ಜಿದ್ ಬಂದರ್ ಹತ್ತಿರದ ಇಂಡಿಯನ್ ಸೇಲರ್ಸ್ ಹೋಮ್.

ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಟಿವಿ ಶಬ್ದ ಕೇಳುತ್ತಿತ್ತು, ಅದನ್ನು ಕಮ್ಮಿ ಮಾಡಿದರು.

"ಸೇಲರ್ಸ್ ಹೋಮಿನಲ್ಲಾ? ನಾನು ಅಲ್ಲಿ ಇದ್ದೆ ಮಾರಾಯ್ತಿ. ಶಿಪ್ಪಿಗೆ ಕರೆ ಬರುವ ತನಕ. ಒಂದು ಸಲ ಮೂರು ವಾರ, ಮತ್ತೊಂದು ಸಲ ಐದು ವಾರ." ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು ಅಂತ ಕಾಣುತ್ತದೆ. "ಎಂಟು ವಾರ. ಕೇರಂ ಬೋರ್ಡ್ ಎಲ್ಲಿ ಇತ್ತು ಅಂತ ಈಗಲೂ ಹೇಳ್ತೇನೆ. ಆ ಪುಸ್ತಕ ಯಾವ ಕೋಣೆಯಲ್ಲಿ ಉಂಟಂತೆ?"